ಅಡಿಕೆಯ ರೋಗಕ್ಕೆ ಐದು ಹೆಸರು, ಹೆಣ್ಣಿನ ನೋವಿಗೆ ಒಂದೇ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಬೆಳೆಗಾರನಿಗೆ ತನ್ನ ತೋಟದ ರೋಗಗಳು ಮನೆಮಂದಿಯಷ್ಟೇ ಪರಿಚಿತ. ಕೊಳೆರೋಗ, ಅಣಬೆ ರೋಗ, ಹಿಡಿಮುಂಡಿಗೆ, ಹಳದಿ ಎಲೆ ರೋಗ, ಈಚಿನ ವರ್ಷಗಳಲ್ಲಿ ನಿದ್ದೆಗೆಡಿಸುತ್ತಿರುವ ಎಲೆಚುಕ್ಕಿ. ಪ್ರತಿಯೊಂದಕ್ಕೂ ಬೇರೆ ಹೆಸರು, ಬೇರೆ ಲಕ್ಷಣ, ಬೇರೆ ಉಪಚಾರ. ಉದುರಿದ ಎಳೆಗಾಯಿಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಇದು ಕೊಳೆಯೋ ಅಥವಾ ಬರಿಯ ಉದುರೋ ಎಂದು ಹೇಳಬಲ್ಲವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಮಳೆ ಬಲಿಯುವ ಮುನ್ನ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮುಗಿಯಿತೇ ಎಂಬ ವಿಚಾರಣೆ ಸೊಸೈಟಿಯ ಅಂಗಳದಲ್ಲಿ, ಬಸ್ಸಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಯಾವ ಸಂಕೋಚವೂ ಇಲ್ಲದೆ ನಡೆಯುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ತಮ್ಮ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ಅಂದರೆ ಮರದ ರೋಗದ ಕುರಿತು ಮಲೆನಾಡು ನೂರು ವರ್ಷಕ್ಕೂ ಮಿಕ್ಕಿ ಬಾಯಿಬಿಟ್ಟು ಮಾತನಾಡುತ್ತಿದೆ.

ಅದೇ ಮನೆಯ ಒಳಕೋಣೆಯಲ್ಲಿ ತುರಿಕೆ, ಉರಿ, ಒಡೆದ ಮೊಸರಿನಂತಹ ಬಿಳಿ ಸ್ರಾವದಿಂದ ರಾತ್ರಿಗಳನ್ನು ಕಳೆಯುವ ಹೆಣ್ಣಿನ ಬವಣೆಗೆ ಇರುವುದು ಒಂದೇ ಹೆಸರು: ಬಿಳಿ ಸೆರಗು. ಋತುಚಕ್ರದ ನಡುವೆ ಆರೋಗ್ಯವಂತ ಹೆಣ್ಣಿನಲ್ಲೂ ಕಾಣುವ ಸಹಜ ಸ್ರಾವಕ್ಕೂ ಅದೇ ಹೆಸರು, ಯೀಸ್ಟ್ ಸೋಂಕಿಗೂ ಅದೇ. ಬ್ಯಾಕ್ಟೀರಿಯಾಗಳ ಏರುಪೇರಿಗೂ, ಲೈಂಗಿಕ ಸಂಪರ್ಕದಿಂದ ಹರಡುವ ರೋಗಕ್ಕೂ, ಗರ್ಭಕೊರಳಿನ ಕ್ಯಾನ್ಸರಿನ ಸೂಚನೆಗೂ ಅದೇ. ಮಾತೇನೋ ಮರ್ಯಾದೆಯದು. ಆದರೆ ಐದು ಬೇರೆ ಬೇರೆ ಸ್ಥಿತಿಗಳನ್ನು ಒಂದೇ ಸೆರಗಿನಡಿ ಮುಚ್ಚಿಟ್ಟ ಮೇಲೆ ಯಾವುದಕ್ಕೆ ಔಷಧ ಬೇಕು, ಯಾವುದಕ್ಕೆ ಬೇಡ, ಯಾವುದಕ್ಕೆ ಒಂದು ವಾರವೂ ತಡಮಾಡಕೂಡದು ಎಂಬುದನ್ನು ತಿಳಿಯುವ ಬಗೆ ಹೇಗೆ?

ಈ ಐದರಲ್ಲಿ ಅತ್ಯಂತ ಸಾಮಾನ್ಯವಾದವುಗಳಲ್ಲಿ ಒಂದು, ಅತ್ಯಂತ ಸುಲಭವಾಗಿ ವಾಸಿಯಾಗುವಂಥದ್ದು, ಯೀಸ್ಟ್ ಸೋಂಕು. ಅದರ ಕರ್ತೃ ಕ್ಯಾಂಡಿಡಾ ಎಂಬ ಶಿಲೀಂಧ್ರ. ಬಹುಪಾಲು ಸಂದರ್ಭಗಳಲ್ಲಿ ಕ್ಯಾಂಡಿಡಾ ಅಲ್ಬಿಕಾನ್ಸ್ ಎಂಬ ಪ್ರಭೇದ. ಲ್ಯಾಟಿನ್ ಮೂಲದ ಈ ಎರಡೂ ಪದಗಳು ಬಿಳುಪನ್ನೇ ಸೂಚಿಸುತ್ತವೆ. ನಮ್ಮ ಹಿರಿಯರು ಕಂಡ ಬಿಳುಪನ್ನೇ ಯೂರೋಪಿನ ವಿಜ್ಞಾನಿಗಳೂ ಕಂಡರು. ಮಹಿಳೆಯರಲ್ಲಿ ನಾಲ್ವರ ಪೈಕಿ ಮೂವರಾದರೂ ಬದುಕಿನಲ್ಲಿ ಒಮ್ಮೆ ಇದನ್ನು ಅನುಭವಿಸುತ್ತಾರೆಂಬುದು ವೈದ್ಯಕೀಯ ಗ್ರಂಥಗಳ ಅಂದಾಜು. ಮತ್ತೆ ಮತ್ತೆ ಮರುಕಳಿಸುವ ಬಗೆಯೇ ಪ್ರತಿವರ್ಷ ಜಗತ್ತಿನಾದ್ಯಂತ ಸುಮಾರು 13.8 ಕೋಟಿ ಮಹಿಳೆಯರನ್ನು ಕಾಡುತ್ತದೆಂದು 2018ರಲ್ಲಿ ಲ್ಯಾನ್ಸೆಟ್ ಸಮೂಹದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆ ಲೆಕ್ಕಹಾಕಿತ್ತು. ಇಷ್ಟು ವ್ಯಾಪಕವಾದ ಕಾಯಿಲೆಯೊಂದು ಇಷ್ಟು ಮೌನವಾಗಿರುವುದು ವಿಪರ್ಯಾಸವೇ ಸರಿ. 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೆಯ ಅಲೆಯ ನಡುವೆ, ಮಾಧ್ಯಮಗಳು ‘ಬಿಳಿ ಶಿಲೀಂಧ್ರ’ ಎಂಬ ಹೊಸ ಭೂತವನ್ನು ಕಂಡು ಬೆಚ್ಚಿದ್ದು ಓದುಗರಿಗೆ ನೆನಪಿರಬಹುದು. ಆ ಭೂತ ಬಹುಮಟ್ಟಿಗೆ ಇದೇ ಹಳೆಯ ಕ್ಯಾಂಡಿಡಾ ಆಗಿತ್ತು. ತೀವ್ರ ನಿಗಾ ಘಟಕದ ರೋಗಿಯ ರಕ್ತಕ್ಕೆ ಇಳಿದಾಗ ಅದು ಪ್ರಾಣಾಂತಿಕ, ಸಂದೇಹವಿಲ್ಲ. ಆದರೆ ನಿತ್ಯದ ರೂಪದಲ್ಲಿ ಅದು ಲಕ್ಷಾಂತರ ಮನೆಗಳಲ್ಲಿ ಮೊದಲಿನಿಂದಲೂ ಇತ್ತು. ಆಗ ಅದು ಸುದ್ದಿಯಾಗಿರಲಿಲ್ಲ, ಅಷ್ಟೇ.

ಕೊಳೆರೋಗಕ್ಕೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. (ಕೊಳೆರೋಗದ ಫೈಟಾಫ್ತೊರವನ್ನು ಇಂದಿನ ವಿಜ್ಞಾನ ನಿಜವಾದ ಶಿಲೀಂಧ್ರವೆಂದು ಪರಿಗಣಿಸುವುದಿಲ್ಲ, ಆ ಚರ್ಚೆ ಇಲ್ಲಿ ಬೇಡ.) ಕೊಳೆ ಮಳೆ–ಗಾಳಿಯ ಜೊತೆ ಹೊರಗಿನಿಂದ ಬಂದು ಗೊನೆಗೆ ತಗಲುತ್ತದೆ. ಕ್ಯಾಂಡಿಡಾ ಹಾಗಲ್ಲ. ಅದು ಆರೋಗ್ಯವಂತರ ಬಾಯಲ್ಲಿ, ಕರುಳಿನಲ್ಲಿ, ಯೋನಿಯಲ್ಲಿ ಯಾರಿಗೂ ಉಪದ್ರವವಿಲ್ಲದೆ ವಾಸಿಸುವ ಒಕ್ಕಲು. ಅದರ ಪಕ್ಕದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ನೆಲೆಸಿರುತ್ತವೆ. ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳ ಬಂಧುಗಳಿವು. ಇವು ಜಾಗವನ್ನೂ ಆಹಾರವನ್ನೂ ಹಿಡಿದಿಟ್ಟುಕೊಂಡಿರುವವರೆಗೆ ಯೀಸ್ಟ್ ತನ್ನ ಮಿತಿಯಲ್ಲಿರುತ್ತದೆ. ಆದ್ದರಿಂದ ‘ಈ ಸೋಂಕು ಎಲ್ಲಿಂದ ಬಂತು’ ಎಂಬ ಪ್ರಶ್ನೆಯೇ ದಾರಿತಪ್ಪಿಸುವಂಥದ್ದು. ಇದ್ದದ್ದು ಈಗೇಕೆ ಹೆಚ್ಚಿತು, ನೆಲದಲ್ಲಿ ಏನು ಬದಲಾಯಿತು ಎಂದು ಕೇಳಬೇಕು.

ಬದಲಾಯಿಸುವ ಸಂಗತಿಗಳು ಗೊತ್ತಿರುವಂಥವೇ. ಮಳೆಗಾಲದ ಶೀತಕ್ಕೆ, ಕೆಮ್ಮಿಗೆ, ಅನೇಕ ಸಲ ಅಗತ್ಯವೇ ಇಲ್ಲದೆ ನುಂಗುವ ಆಂಟಿಬಯೋಟಿಕ್ ಮಾತ್ರೆ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಯೀಸ್ಟಿಗೆ ಅದರಿಂದ ಏನೂ ಆಗುವುದಿಲ್ಲ. ತೆರವಾದ ಜಾಗದಲ್ಲಿ ಅದು ಹರಡುತ್ತದೆ. ಗರ್ಭಿಣಿಯಲ್ಲಿ ಈಸ್ಟ್ರೋಜೆನ್ ಹೆಚ್ಚಿ, ಯೋನಿಯ ಒಳಪದರದಲ್ಲಿ ಗ್ಲೈಕೋಜೆನ್ ಸಂಗ್ರಹವಾಗಿ ಯೀಸ್ಟಿಗೆ ಔತಣವಾಗುತ್ತದೆ. ಸ್ಟೀರಾಯ್ಡ್ ಸೇವಿಸುವವರಲ್ಲಿ, ಎಚ್‌ಐವಿ ಮೊದಲಾದ ಕಾರಣಗಳಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ಬಾಯಿ, ಗಂಟಲಿಗೂ ಏರುತ್ತದೆ.

ಇವೆಲ್ಲಕ್ಕಿಂತ ನಮ್ಮ ಕಾಲಕ್ಕೆ ಹೆಚ್ಚು ಪ್ರಸ್ತುತವಾದದ್ದು ಮಧುಮೇಹ. ರಕ್ತದಲ್ಲಿ, ಮೂತ್ರದಲ್ಲಿ ಸಕ್ಕರೆ ಏರಿದಾಗ ಯೀಸ್ಟ್ ಕೊಬ್ಬುತ್ತದೆ. ಇನ್ನೂ ಪತ್ತೆಯಾಗದ ಮಧುಮೇಹ ಮೊದಲು ಕಾಣಿಸಿಕೊಳ್ಳುವ ಬಗೆಗಳಲ್ಲಿ ಪದೇ ಪದೇ ಬರುವ ಈ ತುರಿಕೆಯೂ ಒಂದು. ಗಂಡಸರಲ್ಲಿ ಶಿಶ್ನದ ತುದಿಯ ಉರಿಯೂತವಾಗಿ ಅದೇ ಸೂಚನೆ ಬರುತ್ತದೆ. ನಾಲ್ವತ್ತೈದು ದಾಟಿದ ಮಹಿಳೆಯೊಬ್ಬಳು ವರ್ಷಕ್ಕೆ ಮೂರು ಸಲ ಮುಲಾಮು ಕೊಂಡೊಯ್ದರೆ, ಆಕೆಗೆ ಬೇಕಾದದ್ದು ನಾಲ್ಕನೆಯ ಮುಲಾಮಲ್ಲ, ರಕ್ತಪರೀಕ್ಷೆ. ಅದು ಆಗುವುದಿಲ್ಲ, ಏಕೆಂದರೆ ತುರಿಕೆಯ ವಿಷಯವನ್ನು ಆಕೆ ವೈದ್ಯರಿಗೆ ಹೇಳಿರುವುದೇ ಇಲ್ಲ. ಹೀಗೆ ಸಂಕೋಚ ಬರಿಯ ಒಂದು ತುರಿಕೆಯನ್ನು ಮುಚ್ಚಿಡುವುದಿಲ್ಲ. ಮೂತ್ರಪಿಂಡವನ್ನೂ ಕಣ್ಣನ್ನೂ ಸದ್ದಿಲ್ಲದೆ ತಿನ್ನುವ ರೋಗವೊಂದನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ.

ಇಲ್ಲಿ ಹೊಸ ತೊಡಕೊಂದು ಸೇರಿಕೊಂಡಿದೆ. ಹೆಚ್ಚುವರಿ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಾಪಾಗ್ಲಿಫ್ಲೊಜಿನ್‌ನಂತಹ ಮಾತ್ರೆಗಳು 2020ರಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಅಗ್ಗವಾದವು. ಹೃದಯಕ್ಕೂ ಮೂತ್ರಪಿಂಡಕ್ಕೂ ಹಿತವಾದ ಒಳ್ಳೆಯ ಔಷಧವೇ ಅದು. ಆದರೆ ಜನನಾಂಗದ ಯೀಸ್ಟ್ ಸೋಂಕು ಅದರ ತೀರಾ ಪರಿಚಿತ ಅಡ್ಡಪರಿಣಾಮ. ಚೀಟಿ ಬರೆಯುವ ವೈದ್ಯರು ಈ ಒಂದು ಮಾತನ್ನು ಮುಂಚಿತವಾಗಿ ಹೇಳದಿದ್ದರೆ ರೋಗಿ ಮೂರನೆಯ ತಿಂಗಳಲ್ಲಿ ಯಾರಿಗೂ ತಿಳಿಸದೆ ಮಾತ್ರೆಯನ್ನೇ ಬಿಟ್ಟುಬಿಡುವ ಸಾಧ್ಯತೆಯಿದೆ. ಬಿಡಬೇಕಾದದ್ದು ಮಾತ್ರೆಯನ್ನಲ್ಲ, ವೈದ್ಯರೊಡನೆ ಮಾತನಾಡಿದರೆ ಎರಡಕ್ಕೂ ದಾರಿಯುಂಟು.

ಜನ ಸಾಮಾನ್ಯವಾಗಿ ಹೇಳುವ ಕಾರಣಗಳೇ ಬೇರೆ. ಮೊದಲನೆಯದು ‘ಉಷ್ಣ’. ಮೈಗೆ ಉಷ್ಣವಾಗಿದೆ, ಮಜ್ಜಿಗೆ ಕುಡಿ, ಒಂದೆಲಗದ ತಂಬುಳಿ ಮಾಡಿಕೊಂಡು ಉಣ್ಣು ಎಂಬ ಅಜ್ಜಿಯ ಸಲಹೆಯಲ್ಲಿ ಕೇಡಿಲ್ಲ. ತಂಬುಳಿ ರುಚಿಯ ಪದಾರ್ಥ. ಶಿಲೀಂಧ್ರಕ್ಕೆ ಮಾತ್ರ ಅದು ಮದ್ದಲ್ಲ. ಎರಡನೆಯದು ಅಶುಚಿ. ಇದು ಹೆಚ್ಚು ಹಾನಿಕರ. ತನ್ನ ಮೈ ಕೊಳಕಾಗಿದೆ ಎಂದು ನಂಬಿದ ಹೆಣ್ಣು ಸಾಬೂನಿನಿಂದ, ಕ್ರಿಮಿನಾಶಕ ದ್ರಾವಣದಿಂದ ಒಳಗೆಲ್ಲ ತೊಳೆದುಕೊಳ್ಳುತ್ತಾಳೆ. ಚರ್ಮ ಕೆರಳುತ್ತದೆ, ಉಪಕಾರಿ ಬ್ಯಾಕ್ಟೀರಿಯಾಗಳ ನೆಲೆ ಕದಡುತ್ತದೆ, ಉರಿ ಇಮ್ಮಡಿಸುತ್ತದೆ. ಯೋನಿ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುವ ಅಂಗ. ಹೊರಭಾಗಕ್ಕೆ ಬರಿಯ ನೀರು ಸಾಕು.

ಹಾಗಾದರೆ ಮಳೆಗೆ ಪಾತ್ರವೇ ಇಲ್ಲವೇ? ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಟ್ಟೆ ಒಣಗದ, ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಹೊಗೆಯ ವಾಸನೆ ಹೊತ್ತು ಅರೆಹಸಿಯಾಗಿಯೇ ಮೈಗೇರುವ ನಾಡು ಇದು. ಮುಟ್ಟಿನ ಬಟ್ಟೆಯನ್ನಂತೂ ಬೇರೆ ಬಟ್ಟೆಗಳ ಮರೆಯಲ್ಲಿ ಒಣಹಾಕುವ ರೂಢಿ. ತೋಟದ ಕೆಸರಿನಲ್ಲಿ, ಕೊಟ್ಟಿಗೆಯಲ್ಲಿ, ಪಾತ್ರೆ ತೊಳೆಯುವಲ್ಲಿ ದಿನವಿಡೀ ನೀರಿನಲ್ಲಿರುವ ಕೈಕಾಲುಗಳ ಬೆರಳ ಸಂದಿ ಬೆಳ್ಳಗೆ ನೆನೆದು ಬಿರಿಯುತ್ತದೆ. ತೊಡೆಸಂದಿ, ಎದೆಯ ಕೆಳಗಿನ ಮಡಿಕೆ ಕೆಂಪಾಗಿ ಉರಿಯುತ್ತದೆ. ಉಗುರಿನ ಬುಡ ಊದಿ ತಿಂಗಳುಗಟ್ಟಲೆ ಉಗುರುಸುತ್ತು ಕಾಡುತ್ತದೆ. ಇಂಥ ಕಡೆಗಳಲ್ಲೆಲ್ಲ ಕ್ಯಾಂಡಿಡಾ ಮನೆಮಾಡಬಲ್ಲದು, ತೇವವೇ ಅದಕ್ಕೆ ಆಸರೆ. ಕೈ ಒರೆಸಿ ಒಣಗಿಸಿಕೊಳ್ಳುವುದು, ಹತ್ತಿಯ ಸಡಿಲ ಉಡುಪು, ಚೆನ್ನಾಗಿ ಒಣಗಿದ ಬಟ್ಟೆ ಇವು ಉಪಯುಕ್ತ. ಆದರೆ ಒಳಗಿನ ಸೋಂಕಿಗೆ ಮಳೆಗಾಲವನ್ನಷ್ಟೇ ಹೊಣೆಮಾಡುವುದು ಸುಲಭದ ದಾರಿ. ಮಳೆಯನ್ನು ದೂರಿದರೆ ಸಕ್ಕರೆಯ ಪರೀಕ್ಷೆ ತಪ್ಪಿಹೋಗುತ್ತದೆ.

ಮೂರನೆಯ ಆರೋಪ ನಡತೆಯ ಮೇಲೆ. ಇದನ್ನು ಸ್ಪಷ್ಟವಾಗಿ ಹೇಳಬೇಕು: ಯೀಸ್ಟ್ ಸೋಂಕನ್ನು ವೈದ್ಯಶಾಸ್ತ್ರ ಲೈಂಗಿಕ ರೋಗಗಳ ಪಟ್ಟಿಗೆ ಸೇರಿಸುವುದಿಲ್ಲ. ಮದುವೆಯಾಗದ ಹುಡುಗಿಗೂ ಬರಬಹುದು, ಗಂಡ ಊರಲ್ಲಿಲ್ಲದವಳಿಗೂ ಬರಬಹುದು. ಗಂಡನಿಗೆ ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ ಆತನಿಗೆ ಚಿಕಿತ್ಸೆಯೂ ಬೇಕಿಲ್ಲ. ಈ ಒಂದು ತಿಳಿವಳಿಕೆ ಮನೆಯ ಗಂಡಸರಿಗೆ ತಲುಪಿದರೆ ಎಷ್ಟೋ ಮನೆಗಳಲ್ಲಿ ಅನುಮಾನದ ಮಾತುಗಳು ನಿಲ್ಲುತ್ತವೆ. ಆದರೆ ನಮ್ಮ ಆರೋಗ್ಯ ಶಿಕ್ಷಣ ಹೆಂಗಸರನ್ನು ಅಂಗನವಾಡಿಯಲ್ಲಿ ಕೂರಿಸಿ ಹೇಳುವುದಕ್ಕಷ್ಟೇ ಸೀಮಿತವಾಗಿದೆ. ಅಡಿಕೆ ಸೊಸೈಟಿಯ ಸರ್ವಸಾಧಾರಣ ಸಭೆಯಲ್ಲಿ ವೈದ್ಯರೊಬ್ಬರಿಗೆ ಹತ್ತು ನಿಮಿಷ ಕೊಟ್ಟರೆ ಯಾರ ಮರ್ಯಾದೆಯೂ ಹೋಗಲಾರದು.

ಮಾತನಾಡಲಾಗದ ಕಾಯಿಲೆಗೆ ವೈದ್ಯ ಔಷಧದ ಅಂಗಡಿಯವನೇ. ಅಲ್ಲಿಯೂ ಗಂಡನನ್ನೋ ಮಗನನ್ನೋ ಕಳಿಸಿ ‘ತುರಿಕೆಗೆ ಒಂದು ಟ್ಯೂಬ್’ ತರಿಸಿಕೊಳ್ಳುವುದು ವಾಡಿಕೆ. ಕೈಗೆ ಸಿಗುವುದು ಅನೇಕ ವೇಳೆ ಸ್ಟೀರಾಯ್ಡ್, ಆಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಮುಲಾಮು. ಸ್ಟೀರಾಯ್ಡ್ ಎರಡೇ ದಿನದಲ್ಲಿ ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಪೋಷಿಸುತ್ತದೆ, ಚರ್ಮವನ್ನು ತೆಳುವಾಗಿಸುತ್ತದೆ. ಇಂಥ ಹದಿನಾಲ್ಕು ಲೇಪನ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ಅಧಿಸೂಚನೆ ಹೊರಡಿಸಿತು. ನಿಯಮ ಕಾಗದದ ಮೇಲಿದೆ.

ಸರಿಯಾದ ಶಿಲೀಂಧ್ರನಾಶಕವನ್ನೇ ಕೊಂಡರೂ ರೋಗವೇ ಬೇರೆಯಾಗಿದ್ದರೆ? 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮಗೆ ಯೀಸ್ಟ್ ಸೋಂಕೆಂದು ತಾವೇ ನಿರ್ಧರಿಸಿ ಔಷಧ ಕೊಂಡಿದ್ದ 95 ಮಹಿಳೆಯರನ್ನು ಪರೀಕ್ಷಿಸಲಾಯಿತು. ಬರಿಯ ಯೀಸ್ಟ್ ಸೋಂಕು ಇದ್ದದ್ದು ಅವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ. ಕಾಯಿಯನ್ನು ಅಂಗೈಯಲ್ಲಿ ಹಿಡಿದು ನೋಡದೆ ದೂರದಿಂದಲೇ ಕೊಳೆಯೆಂದು ಔಷಧ ಹೊಡೆದ ಹಾಗಾಯಿತು ಇದು.

ನಮ್ಮ ಸರ್ಕಾರಿ ವ್ಯವಸ್ಥೆಯೂ ಈ ದೋಷದಿಂದ ಪೂರ್ತಿ ಮುಕ್ತವಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿದ ಪದ್ಧತಿಯಲ್ಲಿ ಯೋನಿಸ್ರಾವಕ್ಕೆ ಹಸಿರು ಬಣ್ಣದ ಕಿಟ್. ಅದರಲ್ಲಿ ಯೀಸ್ಟಿಗೆ ಫ್ಲುಕೊನಝೋಲ್, ಉಳಿದೆರಡು ಸಾಮಾನ್ಯ ಸೋಂಕುಗಳಿಗೆ ಸೆಕ್ನಿಡಝೋಲ್. ಪ್ರಯೋಗಾಲಯವಿಲ್ಲದ ಕಡೆ ಇದು ವ್ಯಾವಹಾರಿಕ ಉಪಾಯವೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಲೈಂಗಿಕ ರೋಗಗಳ ವಿಭಾಗದ ಫಲಕದಡಿ ನಿಂತು ಆ ಪೊಟ್ಟಣ ಪಡೆಯಲು ಮಲೆನಾಡಿನ ಹೆಣ್ಣು ಹೋಗುತ್ತಾಳೆಯೇ? ಹೋದರೂ, ಪರೀಕ್ಷೆಯಿಲ್ಲದೆ ಪೊಟ್ಟಣ ಕೊಟ್ಟು ಕಳಿಸಿದರೆ ಆಕೆಯ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತೇ? ನೆರೆಯ ಗೋವೆಯಲ್ಲಿ 2,494 ಮಹಿಳೆಯರ ನಡುವೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಚ್ಚರಿಯ ಸಂಗತಿಯನ್ನು ಹೊರಗೆಡವಿತು: ಬಿಳಿ ಸೆರಗಿನ ದೂರಿಗೆ ಸೋಂಕುಗಳಿಗಿಂತ ಹೆಚ್ಚು ನಿಕಟವಾದ ನಂಟಿದ್ದದ್ದು ಮನಸ್ಸಿನ ಬೇಗುದಿ ಮತ್ತು ಬದುಕಿನ ಒತ್ತಡಗಳೊಡನೆ. ಅಂಥ ಹೆಣ್ಣಿಗೆ ಶಿಲೀಂಧ್ರನಾಶಕ ಕೊಡುವುದು ವ್ಯರ್ಥ. ಆಕೆ ಹೇಳಲು ಬಂದದ್ದೇ ಬೇರೆ.

ಇನ್ನೊಂದು ಕಡೆ ಮಹಾರಾಷ್ಟ್ರದ ಗಡಚಿರೋಲಿ. ವೈದ್ಯೆ ರಾಣಿ ಬಂಗ್ ಮತ್ತು ಸಂಗಡಿಗರು ಅಲ್ಲಿನ ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿ ಜಗತ್ತಿನ ಗಮನ ಸೆಳೆಯಿತು. ಶೇ 92ರಷ್ಟು ಮಹಿಳೆಯರಲ್ಲಿ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುನ್ನ ಎಂದಾದರೂ ಸ್ತ್ರೀರೋಗದ ಪರೀಕ್ಷೆಗೆ ಒಳಗಾಗಿದ್ದವರು ಶೇ 8 ಮಾತ್ರ. ಮೂರೂವರೆ ದಶಕಗಳಲ್ಲಿ ಬಹಳಷ್ಟು ಬದಲಾಗಿದೆ, ಆಸ್ಪತ್ರೆಯ ಹೆರಿಗೆ ಸಾಮಾನ್ಯವಾಗಿದೆ. ಆದರೆ ಹೆರಿಗೆಯ ಹೊರತು ಹೆಣ್ಣಿನ ದೇಹವನ್ನು ಪರೀಕ್ಷಿಸಬೇಕಾದ ಸಂದರ್ಭವಿದೆ ಎಂಬುದನ್ನು ನಾವು ಇನ್ನೂ ಒಪ್ಪಿದಂತಿಲ್ಲ.

ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲೂ 2022ರಲ್ಲೂ ಜನ ದನಿಯೆತ್ತಿದರು. ಅಪಘಾತವಾದರೆ, ಹೃದಯ ಕೈಕೊಟ್ಟರೆ ಶಿರಸಿಯಿಂದ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಓಡಬೇಕಾದ ಜಿಲ್ಲೆಯ ಆ ಬೇಡಿಕೆ ನೂರಕ್ಕೆ ನೂರು ನ್ಯಾಯವಾದದ್ದು. ಆದರೆ ಇಲ್ಲಿ ಹೇಳುತ್ತಿರುವ ಕಾಯಿಲೆಗೆ ಕೋಟಿಗಳ ಕಟ್ಟಡ ಬೇಕಿಲ್ಲ. ಸ್ರಾವದ ಒಂದಿಷ್ಟನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯೀಸ್ಟಿನ ಮೊಗ್ಗುಗಳೂ ಎಳೆಗಳೂ ಕಾಣುತ್ತವೆ. ಅದೇ ಹನಿಗೆ ಮೀನಿನ ವಾಸನೆ ಹೊಮ್ಮಿದರೆ ಬ್ಯಾಕ್ಟೀರಿಯಾಗಳ ಏರುಪೇರು. ಇನ್ನೊಂದು ಪಟ್ಟಿಗೆ ಉಪ್ಪುನೀರಿನ ಹನಿ ಹಾಕಿದಾಗ ಚಲಿಸುವ ಜೀವಿಗಳು ಕಂಡರೆ ಟ್ರೈಕೊಮೊನಾಸ್. ಪರೀಕ್ಷೆ ಕೆಲವನ್ನು ತಪ್ಪಿಸಿಕೊಳ್ಳುತ್ತದೆ, ನಿಜ. ಆದರೂ ಎರಡು ಹನಿಗಳು ಮೂರು ರೋಗಗಳನ್ನು ಬೇರ್ಪಡಿಸುತ್ತವೆ. ಮಲೇರಿಯಾ ಮತ್ತು ಕ್ಷಯದ ಪತ್ತೆಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸೂಕ್ಷ್ಮದರ್ಶಕ ಕೊಟ್ಟು ಎಷ್ಟೋ ಕಾಲವಾಯಿತು. ಬೇಕಾದದ್ದು ಮರೆಯಿರುವ ಒಂದು ಕೋಣೆ, ತರಬೇತಾದ ಶುಶ್ರೂಷಕಿ, ವಾರದಲ್ಲಿ ಗೊತ್ತಾದ ಒಂದು ದಿನ. ಯಲ್ಲಾಪುರದ ಕಾಡಂಚಿನ ಸಿದ್ದಿ, ಗೌಳಿ ಹೆಂಗಸರಿಗೆ ತಾಲ್ಲೂಕು ಕೇಂದ್ರಕ್ಕೆ ಬಂದುಹೋಗುವುದೆಂದರೆ ಒಂದು ದಿನದ ಕೂಲಿಯ ನಷ್ಟ. ಅವರ ಪಾಲಿಗಂತೂ ಈ ವ್ಯವಸ್ಥೆ ಹತ್ತಿರದಲ್ಲೇ ಇರಬೇಕು. ರಕ್ತದ ಸಕ್ಕರೆ ಅಳೆಯುವ ಉಪಕರಣ ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರದ ಮಟ್ಟಕ್ಕೂ ಇಳಿದಿರುವಾಗ, ತುರಿಕೆ ಮರುಕಳಿಸಿತೇ ಎಂಬ ಒಂದು ಪ್ರಶ್ನೆಯನ್ನು ಅದರ ಜೊತೆಗೆ ಕೇಳಲು ಖರ್ಚೇನೂ ಇಲ್ಲ.

ಔಷಧವಂತೂ ಹಳೆಯದು, ಅಗ್ಗವಾದದ್ದು. ಮನುಷ್ಯನಿಗೆ ಸುರಕ್ಷಿತವಾಗಿ ಒಗ್ಗಿದ ಮೊದಲ ಶಿಲೀಂಧ್ರನಾಶಕವಾದ ನಿಸ್ಟ್ಯಾಟಿನ್ ಅನ್ನು 1950ರಲ್ಲಿ ಕಂಡುಹಿಡಿದವರು ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರು. ವರ್ಜೀನಿಯಾದ ಹೊಲವೊಂದರ ಮಣ್ಣಿನಲ್ಲಿ ಅದರ ಮೂಲವಿತ್ತು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಾದರಿಗಳು ಅಂಚೆಯಲ್ಲಿ ಓಡಾಡುತ್ತಿದ್ದವು. ಬಂದ ಗೌರವಧನವನ್ನೆಲ್ಲ ಅವರು ಸಂಶೋಧನೆಗೆ ಬಿಟ್ಟುಕೊಟ್ಟರು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಕ್ಲೋಟ್ರಿಮಝೋಲ್ ಗುಳಿಗೆ, ಕೆನೆ ಮತ್ತು ಫ್ಲುಕೊನಝೋಲ್ ಮಾತ್ರೆ. ಗರ್ಭಿಣಿಯರು ನುಂಗುವ ಮಾತ್ರೆಯಿಂದ ದೂರವಿರಬೇಕು; ಅವರಿಗೆ ವೈದ್ಯರ ಸಲಹೆಯಂತೆ ಒಳಗಿಡುವ ಗುಳಿಗೆಯೇ ಸರಿ.

ಎಳೆಗೂಸಿನ ನಾಲಗೆ, ಕೆನ್ನೆಯ ಒಳಭಾಗದಲ್ಲಿ ಕಾಣುವ ಬಿಳಿ ಪದರವೂ ಇದೇ ಕ್ಯಾಂಡಿಡಾದ ಕೆಲಸ. ಹಾಲಿನ ಕರೆಯಾದರೆ ಒರೆಸಿದಾಗ ಹೋಗುತ್ತದೆ. ಇದು ಸುಲಭವಾಗಿ ಹೋಗದು, ತಿಕ್ಕಿದರೆ ಕೆಂಪಾಗಿ ರಕ್ತ ಜಿನುಗೀತು. ಬಟ್ಟೆಯಿಂದ ಉಜ್ಜುವುದು ಬೇಡ, ಜೇನು ನೆಕ್ಕಿಸುವುದಂತೂ ಬೇಡವೇ ಬೇಡ. ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ. ಮೊಲೆತೊಟ್ಟು ಬಿರಿದು ಉರಿಯುತ್ತಿದ್ದರೆ ತಾಯಿ, ಮಗು ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಬೇಕಾಗಬಹುದು. ದಮ್ಮಿನ ಇನ್‌ಹೇಲರ್ ಬಳಸುವವರು ಪ್ರತಿಸಲ ಬಾಯಿ ಮುಕ್ಕಳಿಸಬೇಕು, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡಬೇಕು. ಇನ್ನೊಂದು ಮಾತು ಅಡಿಕೆ ಸೀಮೆಗೆ ಹಿತವಾಗಲಿಕ್ಕಿಲ್ಲ: ಕವಳ ಹಾಕುವವರ ಬಾಯಲ್ಲಿ ಕೆರೆದರೂ ಹೋಗದ ಬಿಳಿ ಮಚ್ಚೆಯಿದ್ದರೆ ಅದು ಯೀಸ್ಟ್ ಅಲ್ಲದಿರಬಹುದು, ಕ್ಯಾನ್ಸರಿನ ಪೂರ್ವಸೂಚನೆಯಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರ ತನ್ನ ವರದಿಯಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ.

ಯೋನಿಯ ವಿಷಯದಲ್ಲೂ ಇಂಥ ಎಚ್ಚರ ಅಗತ್ಯ. ಯೀಸ್ಟ್ ಸ್ರಾವಕ್ಕೆ ಸಾಮಾನ್ಯವಾಗಿ ದುರ್ವಾಸನೆಯಿರುವುದಿಲ್ಲ, ಜ್ವರ ಬರುವುದಿಲ್ಲ, ರಕ್ತ ಬೆರೆತಿರುವುದಿಲ್ಲ. ಸ್ರಾವ ನಾರುತ್ತಿದ್ದರೆ, ಹಳದಿ–ಹಸಿರಾಗಿದ್ದರೆ, ಕಿಬ್ಬೊಟ್ಟೆಯ ನೋವು ಅಥವಾ ಜ್ವರವಿದ್ದರೆ, ಮಿಲನದ ನಂತರ ರಕ್ತ ಕಂಡರೆ, ಮುಟ್ಟು ನಿಂತು ವರ್ಷಗಳಾದ ಮೇಲೆ ಕಲೆ ಕಾಣಿಸಿಕೊಂಡರೆ ಮುಲಾಮಿಗಾಗಿ ಅಂಗಡಿಗೆ ಯಾರನ್ನೂ ಕಳಿಸಬಾರದು. ಆ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಮೂವತ್ತು ದಾಟಿದ ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಆಸ್ಪತ್ರೆಯಲ್ಲಿ ಅದನ್ನು ಹೆಸರು ಹಿಡಿದು ಕೇಳಬಹುದು.